ಗಂಗಾದೇವಿ ನಿಲ್ಲಿಸಿದ ಮುನೇಶ್ವರ

ಹೊಸೂರು ಪಕ್ಕದ ಆಲಸನತ್ತಂ ಊರಾಚೆಗಿನ ಹೊಲವನ್ನು ಲೇಔಟಿಗೆ ಮಾರುವಾಗ ಗಂಗಾದೇವಿ ಒಂದೇ ಹಟ ಹಿಡಿದಿದ್ದಳು: ಬದುವಿನ ಹೊಂಗೆಮರಗಳನ್ನು ಯಾರೂ ಕಡಿಯಬಾರದು. ಲೇಔಟಿನವರು ಒಪ್ಪಿದರು. ಸೈಟು ಕೊಂಡ ಪ್ರತಿಯೊಬ್ಬರ ಕ್ರಯಪತ್ರದಲ್ಲೂ ಆ ಷರತ್ತು ಸೇರಿತು. ಹಸಿ ಮರ ಕಡಿಯುವಂತಿಲ್ಲ. ಒಣಗಿದ್ದನ್ನು ಮಾತ್ರ ನಿವಾಸಿಗಳ ಸಂಘಕ್ಕೆ ಹೇಳಿ ತೆಗೆಯಬಹುದು.

ಹಾಗಾಗಿ ಮರಗಳು ಒಣಗತೊಡಗಿದವು. ಒಬ್ಬ ಬುಡದಲ್ಲಿ ತೂತು ಕೊರೆದು ಆಸಿಡ್ ಹೊಯ್ದ. ಇನ್ನೊಬ್ಬ ದಿನಾ ಬುಡದಲ್ಲೇ ಕಸ ಸುಟ್ಟ. ಕೊನೆಗೆ ಉಳಿದದ್ದು ಮೂಲೆ ಸೈಟಿನ ಮರವೊಂದೇ. ಅದರ ಪಕ್ಕ, ಮಾರದೆ ಉಳಿಸಿಕೊಂಡ ತುಂಡು ಜಾಗದಲ್ಲಿ ಗಂಗಾದೇವಿಯ ಶೀಟಿನ ಮನೆ ಮತ್ತು ಎರಡು ಸೀಮೆಹಸು. ಆ ನೆರಳು ಹೋದರೆ ಬೇಸಿಗೆಯಲ್ಲಿ ಹಸುಗಳು ಏದುಸಿರು ಬಿಡುತ್ತವೆ, ಹಾಲು ಇಳಿಯುತ್ತದೆ. ಅವಳ ಬದುಕು ಆ ಹಾಲಿನ ಮೇಲೆ.

ಮೂಲೆ ಸೈಟು ಕೊಂಡವಳು ತುಮಕೂರು ಕಡೆಯ ಉಷಾರಾಣಿ. ಹೊಸೂರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಒಂದು ಬೆಳಿಗ್ಗೆ ಅವಳ ಮೇಸ್ತ್ರಿ ಹೊಂಗೆಯ ಬುಡದ ಹತ್ತಿರ ಸುಣ್ಣದ ಗೆರೆ ಎಳೆಯುವುದು ಗಂಗಾದೇವಿಯ ಕಣ್ಣಿಗೆ ಬಿತ್ತು. ಇದರ ಕಥೆಯೂ ಮುಗಿಯಿತು ಅಂದುಕೊಂಡಳು. ಯಾರನ್ನೂ ಕೇಳಲಿಲ್ಲ. ಪೂಜಾರಿಕೆ ಮಾಡುವ ಮೈದುನ ಕೊಂಡಪ್ಪನನ್ನು ಕರೆಸಿ, ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿ, ಅರಿಶಿನ ಮೆತ್ತಿ, ಶೂಲ ನೆಟ್ಟು, ಕೋಳಿ ಕುಯ್ಯಿಸಿದಳು. ಮುನೇಶ್ವರ ಕೂತ ಮರಕ್ಕೆ ಆ ಕಡೆ ಯಾರೂ ಕೈ ಹಚ್ಚುವುದಿಲ್ಲ.

"ಇನ್ ಯಾವನು ಕೊಡ್ಲಿ ಎತ್ತಾನೋ ನೋಡಾನ ಕಣ್ಲಾ," ಎಂದಳು.

ಭಾನುವಾರ ಉಷಾರಾಣಿ ಅತ್ತೆ ಕಮಲಮ್ಮನ ಜೊತೆ ಸೈಟಿಗೆ ಬಂದಳು. ಕಮಲಮ್ಮ ಶೂಲ ನೋಡಿದ್ದೇ ಚಪ್ಪಲಿ ಬಿಟ್ಟು ಹಿಂದೆ ಸರಿದಳು.

"ನಾನಿಲ್ಲಿಗೆ ಬರಲ್ಲ ಕಣೇ. ಹೆಣ್ಮಕ್ಳು ಮುಟ್ಟಾಗೋ ಮನೆ. ಮುನೇಶ್ವರನ ಮಗ್ಗುಲಲ್ಲಿ ಸಂಸಾರ ಮಾಡಕ್ಕಾಗುತ್ತಾ?"

ಉಷಾರಾಣಿ ನೆಟ್ಟಗೆ ಗಂಗಾದೇವಿಯ ಅಂಗಳಕ್ಕೆ ಬಂದಳು.

"ಅಮ್ಮಾ, ಆ ಗೆರೆ ಮರದ ಸುತ್ತ ಕಟ್ಟೆ ಕಟ್ಟೋಕೆ ಹಾಕಿಸಿದ್ದು. ಈ ಮರ ನೋಡೇ ಸೈಟ್ ತಗೊಂಡಿದ್ದು ನಾನು. ಇದಕ್ಕೋಸ್ಕರ ಒಂದು ರೂಮೇ ಬಿಟ್ಟಿದೀನಿ."

ಗಂಗಾದೇವಿ ಕೈಯಲ್ಲಿದ್ದ ಹುಲ್ಲಿನ ಹೊರೆ ಕೆಳಗಿಟ್ಟಳು. "ಒಂದ್ ಮಾತು ಹೇಳ್ಬಾರ್ದಿತ್ತೇನವ್ವಾ?"

"ನೀವು ಒಂದ್ ಮಾತು ಕೇಳ್ಬಾರ್ದಿತ್ತಾ?"

ವಿಷಯ ಸಂಘದ ಸಭೆಗೆ ಹೋಯಿತು. ಮನೆ ಸೈಟಿನಲ್ಲಿ ಗುಡಿ ಇರಬಾರದು ಅಂತಲೂ ಅದೇ ಕ್ರಯಪತ್ರದಲ್ಲಿದೆ, ದೇವರನ್ನು ಕೆರೆ ಏರಿಗೆ ಸಾಗಿಸಿ ಎಂದ ಅಧ್ಯಕ್ಷ ಮುನೀಂದ್ರ.

"ಮರ ಇರೋಗಂಟ ಅವನು ಹೋಗಲ್ಲ ಸಾ," ಎಂದ ಕೊಂಡಪ್ಪ. "ಕಲ್ಲು ಎತ್ತುದ್ರೆ ಕಲ್ಲು ಬತ್ತದೆ. ಅವನು ಬತ್ತಾನಾ?"

ಗಂಗಾದೇವಿ ಎದ್ದು ನಿಂತಳು. "ಅಲ್ಲಿ ಯಾವ ದೇವ್ರೂ ಇಲ್ಲ ಕಣ್ರಪ್ಪಾ. ಮರ ಉಳ್ಕೊಳ್ಲಿ ಅಂತ ನಾನೇ ಕಲ್ಲು ನಿಲ್ಸುದ್ದು."

"ಅತ್ಗೆ, ನಾಲ್ಗೆ ಬಿಗಿ ಹಿಡಿ. ಕೋಳಿ ತಿಂದೋನು ಇಲ್ಲ ಅಂತೀಯಾ?"

"ತಿಂದೋನು ನೀನು ಕಣ್ಲಾ!"

ಕೆಲವರು ನಕ್ಕರು. ಕಮಲಮ್ಮ ನಗಲಿಲ್ಲ. "ನೀವು ಕರೆದ್ರಿ, ಅವನು ಬಂದ. ಈಗ ಹೋಗು ಅಂದ್ರೆ ಹೋಗೋಕೆ ನಿಮ್ಮನೆ ನಾಯೇನಮ್ಮಾ ಅವನು?"

ನಗು ನಿಂತಿತು. ಮರ ಇರುವ ತನಕ ದೇವರು ಹೋಗುವುದಿಲ್ಲ ಅಂದಮೇಲೆ ಮರವನ್ನೇ ತೆಗೆಯಬೇಕು, ಸಭೆ ಒಪ್ಪಿದರೆ ಈ ಒಂದು ಮರಕ್ಕೆ ಷರತ್ತು ಸಡಿಲಿಸಬಹುದು ಎಂದ ಮುನೀಂದ್ರ. ಆಸಿಡ್ ಹೊಯ್ದವನೇ ಮೊದಲು ಕೈ ಎತ್ತಿದ. ಉಷಾರಾಣಿ ಅತ್ತೆಯ ಮುಖ ನೋಡಿದಳು. ಕೈ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಕಡಿಯಲು ಊರಿನವರು ಯಾರೂ ಬರಲಿಲ್ಲ. ಕೃಷ್ಣಗಿರಿ ಕಡೆಯಿಂದ ಮೆಷಿನ್ ಗರಗಸದವರು ಬಂದರು. ಮಧ್ಯಾಹ್ನದೊಳಗೆ ಮರ ನೆಲಕ್ಕುರುಳಿತ್ತು. ಅದರ ಒಂದು ಕಡ್ಡಿಯನ್ನೂ ಲೇಔಟಿನ ನಿವಾಸಿಗಳು ಮುಟ್ಟಲಿಲ್ಲ. ಎಲ್ಲವನ್ನೂ ಇಟ್ಟಿಗೆ ಗೂಡಿನ ಲಾರಿಗೆ ತುಂಬಿದರು.

ಲಾರಿ ಡ್ರೈವರ್ ಹಗ್ಗ ಬಿಗಿಯುತ್ತ, ಇಷ್ಟು ಒಳ್ಳೆಯ ಮರ ಯಾಕಮ್ಮಾ ಕಡಿಸಿದಿರಿ ಎಂದು ತಮಿಳಿನಲ್ಲಿ ಕೇಳಿದ. ಉಷಾರಾಣಿ ಗಂಗಾದೇವಿಯ ಕಡೆ ನೋಡಿದಳು.

"ದೇವ್ರಿದ್ದ," ಎಂದಳು ಗಂಗಾದೇವಿ.