ಮಾಳಿಗೆ ಮೇಲಿನ ಬಿಸಿಗಾಳಿ

ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಪುಷ್ಪಾ ಎ.ಸಿ.ಯ ಮೂರು ಫಿಲ್ಟರ್ ತಿಕ್ಕುತ್ತಿದ್ದಳು. ಒಂದು ಹಳೆ ಬ್ರಷ್ಷು, ಅರ್ಧ ಬಕೆಟ್ ಸೋಪಿನ ನೀರು. ಸೀರೆ ಅಂಗಡಿಯ ಧೂಳಿಗೂ ಬಣ್ಣವಿರುತ್ತದೆ. ಕೆಂಪು, ಗಿಳಿಹಸಿರು, ಅರಿಶಿನದ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಮೋರಿಯ ಕಡೆ ಹೋದವು. ಮೂರನ್ನೂ ತೊಳೆದು, ಬೆಳಕಿಗೆ ಹಿಡಿದು ನೋಡಿ, ಗೋಡೆಗೆ ಒರಗಿಸಿದಳು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಜಗಳೂರು ಸೀಮೆಯಿಂದ ಚನ್ನಗಿರಿಯ ಸೋದರಮಾವನ ಮನೆಗೆ ಬಂದವಳು ಅವಳು. ಮಾವ ತಿಪ್ಪೇಶಪ್ಪ ಎ.ಸಿ. ಮೆಕ್ಯಾನಿಕ್. ನಾಲ್ಕು ವರ್ಷದಿಂದ ಅವನ ಹಿಂದೆ ತಿರುಗಿ, ಫಿಲ್ಟರ್ ತೊಳೆಯುವುದು, ಕೇಳಿದ ಪಾನಾ ಕೈಗೆ ಕೊಡುವುದು ಇಷ್ಟೇ ಅವಳ ಪಾಲಾಗಿತ್ತು. ಉಳಿದ ಕೆಲಸವನ್ನು ದೂರದಿಂದ ನೋಡಿ, ಫೋನಿನ ವಿಡಿಯೋ ನೋಡಿ ಕಲಿತಿದ್ದಳು. ಗ್ಯಾಸ್ ತುಂಬುವ ಹೊತ್ತಿಗೆ ಮಾವ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ತಾಮ್ರದ ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಣ್ಣಗೆ ಅನಿಸಿದ್ದೇ "ಸಾಕು" ಅನ್ನುವನು. ಹೊನ್ನಾಳಿಯವರೆಗೂ ಆ ಅಂಗೈಗೆ ಹೆಸರಿತ್ತು.

ಇವತ್ತು ಆ ಅಂಗೈಗೆ ಬ್ಯಾಂಡೇಜು. ಹೋದ ವಾರ ಬೈಕಿನ ಸೈಲೆನ್ಸರ್ ತಗುಲಿ ಬೊಬ್ಬೆ ಎದ್ದಿತ್ತು. ದೀಪಾವಳಿಗೆ ಇನ್ನು ನಾಲ್ಕೇ ದಿನ. ಪಂಚಾಕ್ಷರಪ್ಪನವರ ಎರಡು ಮಹಡಿಯ ಬಟ್ಟೆ ಅಂಗಡಿ ಒಳಗೆ ಬೇಯುತ್ತಿತ್ತು. ಗಿರಾಕಿಗಳು ಸೀರೆ ನೋಡುವ ಬದಲು ಸೆರಗಿನಲ್ಲಿ ಗಾಳಿ ಬೀಸಿಕೊಂಡು ಎದ್ದು ಹೋಗುತ್ತಿದ್ದರು. ಬೇರೆ ದಾರಿ ಕಾಣದೆ ಮಾವ ಬೆಳಿಗ್ಗೆ ಹೇಳಿದ್ದ, "ಇವತ್ತು ಗ್ಯಾಸ್ ನೀನೇ ಬಿಡು. ಕೈ ನಿಂದು, ತಲೆ ನಂದು."

ಈ ಮಾತಿಗೆ ಅವಳು ನಾಲ್ಕು ವರ್ಷ ಕಾದಿದ್ದಳು. ಇವತ್ತು ಕೆಟ್ಟರೆ ಮತ್ತೆ ಫಿಲ್ಟರೇ ಗತಿ ಎನ್ನುವುದೂ ಗೊತ್ತಿತ್ತು.

ಅಂಗಡಿಯ ಮಾಳಿಗೆ ಮೇಲೆ, ಮೆಟ್ಟಿಲಿನ ಗೋಡೆ ಪಕ್ಕ ದೊಡ್ಡ ಮಿಷನ್ನು ಕೂತಿತ್ತು. ಪುಷ್ಪಾ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಕಾದಳು. ಮೂರನೆಯದರಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಗ್ಯಾಸ್ ಸೋರುತ್ತಿದ್ದದ್ದು ಅಲ್ಲೇ. ಉಳಿದ ಗ್ಯಾಸನ್ನು ಬೇರೆ ಸಿಲಿಂಡರಿಗೆ ಎಳೆದುಕೊಂಡು, ಪೈಪಿನ ತುದಿ ಕತ್ತರಿಸಿ ಹೊಸದಾಗಿ ಬಾಯಿ ಅರಳಿಸಿ ಬಿಗಿದಳು. ನೈಟ್ರೋಜನ್ ತುಂಬಿ ಒಂದು ಗಂಟೆ ಬಿಟ್ಟರೂ ಗೇಜಿನ ಮುಳ್ಳು ಅಲುಗಲಿಲ್ಲ. ಆಮೇಲೆ ಪಂಪು ಹಚ್ಚಿ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಎಳೆದಳು.

ತನ್ನ ಚೀಲದಿಂದ ಡಿಜಿಟಲ್ ತಕ್ಕಡಿ ತೆಗೆದು, ಅದರ ಮೇಲೆ ಹೊಸ ಗ್ಯಾಸಿನ ಸಿಲಿಂಡರನ್ನು ತಲೆಕೆಳಗಾಗಿ ನಿಲ್ಲಿಸಿದಾಗ ಮಾವನಿಗೆ ನಗು ಬಂತು.

"ಅಡಿಕೆ ಮಾರಾಕೆ ಬಂದಿಯೇನೆ?"

ಈ ಗ್ಯಾಸ್ ಎರಡು ಮೂರು ಬಗೆಯದು ಬೆರೆಸಿದ್ದು, ಅಂಗೈಗೆ ತಿಳಿಯುವುದಿಲ್ಲ, ಮಿಷನ್ನಿನ ತಗಡಿನ ಮೇಲೆಯೇ ಆರು ಕೆಜಿ ಇನ್ನೂರು ಗ್ರಾಂ ಅಂತ ಬರೆದಿದೆ ಎಂದು ಅವಳು ನೆಲ ನೋಡುತ್ತ ಹೇಳಿದಳು. ಮಾವ ಬೀಡಿ ಹಚ್ಚಲು ಆ ಕಡೆ ಹೋದ.

ನಾಲ್ಕು ಕೆಜಿ ಹೋದ ಮೇಲೆ ಮಿಷನ್ ಚಾಲೂ ಮಾಡಿ, ಉಳಿದದ್ದನ್ನು ಚೂರು ಚೂರೇ ಬಿಡತೊಡಗಿದಳು. ಎಲ್ಲ ಸರಿಯಿತ್ತು. ಐದು ಕೆಜಿ ಆಗುವಷ್ಟರಲ್ಲಿ ಒತ್ತಡ ತೋರುವ ಕೆಂಪು ಗೇಜಿನ ಮುಳ್ಳು ಏರಿತು, ಏರಿತು, ನಾನೂರು ದಾಟಿತು. ಟಪ್ ಎಂದು ಮಿಷನ್ ನಿಂತೇ ಹೋಯಿತು.

ಸದ್ದು ನಿಂತದ್ದು ಕೆಳಗೂ ತಿಳಿದು ಪಂಚಾಕ್ಷರಪ್ಪ ಮೆಟ್ಟಿಲು ಹತ್ತಿ ಬಂದರು. ಮಾವನ ಮುಖ ಬಿಗಿಯಿತು.

"ಗ್ಯಾಸ್ ಜಾಸ್ತಿ ಆತು. ಒಂದು ಕೆಜಿ ಹೊರಗೆ ಬಿಡು."

ಪುಷ್ಪಾ ವಾಲ್ವಿನ ಮೇಲಿನ ಕೈ ತೆಗೆಯಲಿಲ್ಲ. "ಐದೇ ಕೆಜಿ ಹೋಗಿರಾದು ಮಾವ. ಇನ್ನೂ ಹಿಡೀಬೇಕು."

"ಹಂಗಾರೆ ಗೇಜು ಸುಳ್ಳು ಹೇಳ್ತೈತೇನು?"

"ಗೇಜೂ ಸುಳ್ಳಲ್ಲ, ತೂಕಾನೂ ಸುಳ್ಳಲ್ಲ. ಬ್ಯಾರೆ ಏನೋ ಐತೆ."

ಮಾವನಿಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಆದರೆ ಅವಳಿಗೆ ಒಂದು ಸಂಶಯ ಕಾಡುತ್ತಿತ್ತು. ಮಿಷನ್ನು ಗಾಳಿ ಎಳೆದುಕೊಳ್ಳುವ ಬದಿಯಲ್ಲಿ ಕೂತಿದ್ದ ತನ್ನ ಬೆನ್ನಿಗೆ ಆಗಿನಿಂದ ಬಿಸಿ ತಾಗುತ್ತಿತ್ತು. ಮೋಡದ ದಿನ, ಬಿಸಿಲಿಲ್ಲ. ಹಾಗಾದರೆ ಆ ಬಿಸಿ ಎಲ್ಲಿಯದು?

ಎದ್ದು ಮಿಷನ್ನನ್ನು ಸುತ್ತಿ, ಅದು ಬಿಸಿಗಾಳಿ ಬಿಡುವ ಬದಿಗೆ ಹೋದಳು. ಮಿಷನ್ನಿನ ಸದ್ದು ಕೇಳಿ ಮೇಲೆ ಬಂದಿದ್ದ ಪಂಚಾಕ್ಷರಪ್ಪನವರ ಹೆಂಡತಿ ಶಾಂತಾದೇವಿ, ಫ್ಯಾನಿನ ಎದುರಿಗೇ ಬೇಯಿಸಿದ ಅಡಿಕೆಯ ನಾಲ್ಕು ಬಿದಿರಿನ ತಟ್ಟಿ ಜೋಡಿಸಿ, ಬಿಸಿಗಾಳಿ ಹೊರಗೆ ಹೋಗದಂತೆ ಆಚೆಗೆ ನೀಲಿ ತಾಡಪಾಲು ಕಟ್ಟಿ, ಅಡಿಕೆ ಕೈಯಾಡಿಸುತ್ತಿದ್ದರು.

ಮೂರು ದಿನದಿಂದ ಬಿಸಿಲಿಲ್ಲ, ಅಡಿಕೆಗೆ ಬೂಸು ಬರುತ್ತದೆ, ಇಷ್ಟು ಒಳ್ಳೆ ಗಾಳಿ ದಂಡವಾಗುತ್ತಲ್ಲ ಎಂಬುದು ಅವರ ಲೆಕ್ಕ. ಹೋದ ವರ್ಷವೂ ಹೀಗೇ ಒಣಗಿಸಿದ್ದರಂತೆ. ಎರಡೇ ದಿನಕ್ಕೆ ಅಡಿಕೆ ಗಲಗಲ ಅಂದಿತ್ತಂತೆ. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು.

"ಮಿಷನ್ನು ಬಿಟ್ಟ ಬಿಸಿ ಉಸಿರನ್ನ ತಿರುಗಿ ಅದೇ ಎಳಕಂತೈತೆ ಅಮ್ಮಾ," ಪುಷ್ಪಾ ಮೆಲ್ಲಗೆ ಹೇಳಿದಳು. "ಮುಸುಕು ಹಾಕ್ಕಂಡು ಓಡಿದಂಗೆ."

ಪಂಚಾಕ್ಷರಪ್ಪ ಹಣೆ ಚಚ್ಚಿಕೊಂಡರು. "ಎರಡು ವರ್ಷದಿಂದ ತಿಪ್ಪೇಶಪ್ಪಗೆ ಬೈದಿದ್ದೇ ಬಂತು. ಮಿಷನ್ ಕೆಡಿಸೋ ಮೆಕ್ಯಾನಿಕ್ಕು ನಮ್ಮ ಮನೇಲೇ ಅದಾಳೆ."

"ದಿನಾ ಅಡಿಕೆ ರೇಟು ಕೇಳೋರು ನೀವೇ ಅಲ್ಲೇನ್ರಿ?" ಎಂದು ಶಾಂತಾದೇವಿ ತಟ್ಟಿ ಎತ್ತಿದರು.

ಹೋದ ದೀಪಾವಳಿಗೆ ಇದೇ ಮಾಳಿಗೆ ಮೇಲೆ ಮಾವ, ಗ್ಯಾಸ್ ಜಾಸ್ತಿಯಾಗಿದೆ ಎಂದು ಹೊರಗೆ ಬಿಟ್ಟಿದ್ದು ಪುಷ್ಪಾಗೆ ನೆನಪಿತ್ತು. ಆಮೇಲೆ ಗ್ಯಾಸ್ ಸಾಲದೆ ಬೇಸಿಗೆಯಲ್ಲಿ ಅಂಗಡಿ ತಣ್ಣಗಾಗಲೇ ಇಲ್ಲ. ಅವಳು ಅದನ್ನು ಎತ್ತಲಿಲ್ಲ. ಮಾವನಿಗೂ ನೆನಪಾಗಿರಬೇಕು, ಆತ ಬ್ಯಾಂಡೇಜಿನ ದಾರ ಎಳೆಯುತ್ತ ನಿಂತಿದ್ದ.

ತಾಡಪಾಲು ಬಿಚ್ಚಿದರು. ಮಿಷನ್ ಮತ್ತೆ ಚಾಲೂ ಆಯಿತು. ಕೆಂಪು ಮುಳ್ಳು ಇನ್ನೂರ ಅರವತ್ತರ ಆಸುಪಾಸಿಗೆ ಬಂದು ಕೂತಿತು. ಪುಷ್ಪಾ ತಕ್ಕಡಿಯ ಮೇಲಿನ ಕಣ್ಣು ಕೀಳದೆ ಆರು ಕೆಜಿ ಇನ್ನೂರಕ್ಕೆ ಸರಿಯಾಗಿ ವಾಲ್ವು ತಿರುಗಿಸಿದಳು. ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ.

ತೊಳೆದ ಫಿಲ್ಟರ್ ಹಾಕಲು ಕೆಳಗಿಳಿದಾಗ ಸೀರೆ ತೋರಿಸುವ ಸುನೀತಾ ಸೆರಗು ಹೊದ್ದು ನಿಂತಿದ್ದಳು. ಗಿರಾಕಿಗಳು ಕಾಲು ಚಾಚಿ ಕೂತು ಇನ್ನೊಂದು ತೋರಿಸು, ಮತ್ತೊಂದು ತೋರಿಸು ಅನ್ನುತ್ತಿದ್ದರು. ಅವರೊಳಗೆ ಒಬ್ಬರೂ ತನ್ನ ಕಡೆ ತಿರುಗಿ ನೋಡದಿದ್ದದ್ದೇ ಪುಷ್ಪಾಗೆ ಹಾಯೆನಿಸಿತು. ಚಳಿಗೆ ಮೈ ಜುಮ್ಮೆಂದರೂ ಹೊರಗೆ ಹೋಗಲು ಮನಸ್ಸಾಗದೆ, ತಾನು ತುಂಬಿದ ತಂಪಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

ಗಲ್ಲಾದ ಹತ್ತಿರ ಪಂಚಾಕ್ಷರಪ್ಪ, ನಾಳೆ ನ್ಯಾಮತಿಯ ಅಳಿಯನ ಕಲ್ಯಾಣಮಂಟಪದ ಮಿಷನ್ನನ್ನೂ ನೋಡಿ ಬನ್ನಿ ಎಂದು ಮಾವನಿಗೆ ಹೇಳುತ್ತಿದ್ದರು. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು, ಇವತ್ತು ಗ್ಯಾಸ್ ತುಂಬಿದ್ದು ಯಾರು ಎಂದು ಕೇಳಿದರು. ಮಾವ, "ನಮ್ಮ ಹುಡುಗಿ," ಅಂದ.

ಮಾವನ ಕೈ ನೋವಿಗೆ ಬೈಕು ಪುಷ್ಪಾಳೇ ಓಡಿಸಬೇಕಿತ್ತು. ಆತ ಹಿಂದೆ ಸಿಲಿಂಡರ್ ತಬ್ಬಿಕೊಂಡು ಕೂತ. ಬಸ್‌ಸ್ಟ್ಯಾಂಡ್ ದಾಟಿ ರಸ್ತೆ ಖಾಲಿಯಾದ ಮೇಲೆ ಅವಳು, ತಿರುಗದೆ, ಆತನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ನಿಮ್ಮ ಕೈ ವಾಸಿ ಆದಮ್ಯಾಲೂ ಗ್ಯಾಸ್ ತುಂಬಾದು ನನಗೇ ಬಿಡ್ರಿ ಮಾವ."

ಬೈಕು ಹೋಗುತ್ತಲೇ ಇತ್ತು. "ನಾಳೆ ನ್ಯಾಮತಿಗೆ ತಕ್ಕಡಿ ಮರೀಬ್ಯಾಡ," ಹಿಂದಿನಿಂದ ಮಾವ ಅಂದ.