ಸೋಪಮ್ಮನ ಸೀಬೆ ಎಲೆ

ಬೀದಿಯವರೆಲ್ಲ ಅತ್ತೆಗೆ ಇಟ್ಟ ಹೆಸರು ಸೋಪಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗಿದೆ? ಸೋಪನ್ನೇ ತೊಳೆದು ಬಳಸುವ ಜೀವ ಅದು. ಅಂಥವರ ಮನೆ ಸೇರಿದ ಸೊಸೆಯ ಬೆರಳುಗಳೋ, ಸದಾ ಕಪ್ಪು! ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ತಾಗಿದರೆ ಆಗುವ ಕಲೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಚರ್ಮವೇ ಸುಲಿದು ಹೊಸದು ಬರಬೇಕು.

“ಕ್ರಿಮಿ ಕೊಲ್ಲೋ ಔಷಧಿ ಮಾಡ್ತಾಳಂತೆ! ಮೊದ್ಲು ಆ ಕೈ ನೋಡ್ಕೊಳ್ಲಿ,” ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಮದುವೆಯಾದಾಗಿನಿಂದ ಇಬ್ಬರ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಹೀಗಿರುವಾಗ ಸೊಸೆಯ ಪ್ರೊಫೆಸರರಿಗೆ ಸೀಬೆ ಎಲೆಯ ಹುಚ್ಚು ಹಿಡಿಯಿತು. ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ ಅದರೊಳಗಿನ ಬೆಳ್ಳಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತದೆ. ದ್ರಾವಣ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಸೀಬೆಮರ ಇರುವುದೆಲ್ಲಿ? ಅತ್ತೆಯ ಅಂಗಳದಲ್ಲಿ. ಸೊಸೆ ಹೆದರುತ್ತಲೇ ಕೇಳಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಊಟದ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ, ಅದರ ತುಂಬ ಥಳಥಳ ಹೊಳೆಯುವ ಎಲೆ. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ದ್ರಾವಣ ಮಾತ್ರ ಕಂದು ಬಣ್ಣಕ್ಕೆ ತಿರುಗಲಿಲ್ಲ. ಪ್ರತಿ ಸಲವೂ ಒಡೆದ ಹಾಲಿನಂತೆ ಬೆಳ್ಳಗಾಗಿ ತಳ ಸೇರುತ್ತಿತ್ತು. ನೀರು ಬದಲಾಯಿಸಿದಳು, ಫ್ಲಾಸ್ಕ್ ಬದಲಾಯಿಸಿದಳು, ಸಿಲ್ವರ್ ನೈಟ್ರೇಟಿನ ಬಾಟಲಿ ತಂದುಕೊಟ್ಟವನಿಗೆ ಹಿಡಿಶಾಪ ಹಾಕಿದಳು. ಎಲೆಯ ಮೇಲೆ ಅನುಮಾನವೇ ಬರಲಿಲ್ಲ. ಅದನ್ನು ಶುದ್ಧೀಕರಿಸಿದ ನೀರಿನಲ್ಲಿ ತೊಳೆಯಬೇಕೆಂದು ಲ್ಯಾಬಿನ ನಿಯಮವಿತ್ತು, ನಿಜ. ಆದರೆ ಸೋಪಮ್ಮ ತೊಳೆದದ್ದನ್ನು ಮತ್ತೆ ತೊಳೆಯುವುದೇ? ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

“ಶುಕ್ರವಾರ ಕೆಲ್ಸ ನೋಡೋಕೆ ಸಮಿತಿಯವರು ಬರ್ತಾರೆ. ಅವತ್ತೂ ಈ ಹಾಲನ್ನೇ ತೋರ್ಸಿದ್ರೆ ನಿಮ್ಮ ಟೇಬಲ್ಲು ಬೇರೆಯವರಿಗೆ. ಪಿಎಚ್‌ಡಿ ಆಸೆ ಬಿಟ್ಬಿಡಿ ಅಮ್ಮಾ,” ಎಂದರು ಪ್ರೊಫೆಸರ್.

ಶುಕ್ರವಾರ ಸೊಸೆ ನಿದ್ದೆ ಬಾರದೆ ಬೇಗ ಎದ್ದು ಅಡುಗೆಮನೆಗೆ ಬಂದರೆ, ಅತ್ತೆ ಬೋಗುಣಿಯಿಂದ ಎಲೆ ಎತ್ತಿ ಒಂದೊಂದನ್ನೇ ಒರೆಸುತ್ತಿದ್ದಾರೆ.

“ಏನತ್ತೆ ಇದು?”

“ರಾತ್ರಿಯೆಲ್ಲ ಉಪ್ಪುನೀರಲ್ಲಿ ನೆನೆಹಾಕ್ತೀನಲ್ಲ. ಹುಳ ಹುಪ್ಪಟೆ ಇದ್ರೆ? ನಿನ್ನ ಔಷಧಿಗೆ ಕೊಳಕೆಲೆ ಕೊಡ್ಲಾ?”

ಉಪ್ಪು ಬಿದ್ದರೆ ಸಿಲ್ವರ್ ನೈಟ್ರೇಟ್ ಮೊಸರಾಗುತ್ತದೆಂದು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದವಳು ಸೊಸೆ. ಕ್ರಿಮಿ ಸಾಯಲೆಂದು ಅತ್ತೆ ಹಾಕಿದ ಉಪ್ಪು ಕ್ರಿಮಿನಾಶಕವನ್ನೇ ಹುಟ್ಟಗೊಡದೆ ಕೊಲ್ಲುತ್ತಿತ್ತು! ಹೇಳಲೆಂದು ಬಾಯಿ ತೆರೆದಳು. ಅತ್ತೆಯ ಮುಖದಲ್ಲಿ, ಇಷ್ಟು ವರ್ಷಕ್ಕೆ ಮೊದಲ ಬಾರಿ, ಸೊಸೆಯ ಕೆಲಸದ ಬಗ್ಗೆ ಹೆಮ್ಮೆ ಕಾಣುತ್ತಿತ್ತು. ತೆರೆದ ಬಾಯಿ ಮುಚ್ಚಿಕೊಂಡಳು.

ರಾತ್ರಿಯೆಲ್ಲ ನೆನೆದ ಎಲೆಯಿಂದ ಉಪ್ಪು ಇನ್ನು ತೊಳೆದರೂ ಹೋಗದು. ಡಬ್ಬಿ ಹಿಡಿದು ಹೊರಬಿದ್ದವಳು, ಕಾಂಪೌಂಡಿನಾಚೆ ರಸ್ತೆಗೆ ಚಾಚಿದ್ದ ಕೊಂಬೆಯಿಂದ ಧೂಳು ಮೆತ್ತಿದ ಎಲೆಗಳನ್ನು ಕಳ್ಳಿಯ ಹಾಗೆ ಕಿತ್ತು ಚೀಲಕ್ಕೆ ತುರುಕಿದಳು. ಲ್ಯಾಬಿನಲ್ಲಿ ನಿಯಮದ ಪ್ರಕಾರ ತೊಳೆದು, ಕುದಿಸಿ, ಸೋಸಿ ಬೆರೆಸಿದಳು. ಸಮಿತಿಯವರ ಕಣ್ಣೆದುರೇ ದ್ರಾವಣ ಹಳದಿಯಾಯಿತು, ಕೆಂಪಗಾಯಿತು, ಕಡುಚಹಾ ಆಯಿತು.

“ಭೇಷ್!” ಎಂದರು ಪ್ರೊಫೆಸರ್. “ಸೋಮವಾರ ಇದೇ ಮರದ ಎಲೆಯಿಂದ ಇನ್ನೊಂದ್ಸಲ ಮಾಡಿ. ಮತ್ತೆ ಇದೇ ಬಣ್ಣ ಬಂದ್ರೆ ಟೇಬಲ್ಲು ನಿಮ್ದೇ.”

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಟ್ಟಿ, ಅತ್ತೆ ಪಕ್ಕದ ಮನೆಯಾಕೆಯ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

“ನಾನು ಉಪ್ಪುನೀರಲ್ಲಿ ತೊಳ್ದು ಕೊಟ್ಟಿದ್ದಕ್ಕೇ ಆಗಿದ್ದು. ಏನೇ, ಹೌದೋ ಅಲ್ವೋ?”

“ಹೌದತ್ತೆ,” ಎಂದಳು ಸೊಸೆ. ಇನ್ನೇನು ಹೇಳಿಯಾಳು ಪಾಪ!

“ನೋಡಿದ್ರಾ? ಇವತ್ತಿಂದ ಉಪ್ಪು ಡಬಲ್!” ಅತ್ತೆ ಅವಳ ಕಡೆ ತಿರುಗಿದರು. “ಇನ್ನೊಂದು ಕೇಳು. ಯಾವನೋ ದರಿದ್ರದವನು ರಸ್ತೆ ಕಡೆ ಕೊಂಬೆಯಿಂದ ಎಲೆ ಕಿತ್ಕೊಂಡು ಹೋಗಿದಾನೆ. ಆ ಕೊಂಬೆನೇ ಕಡಿಸಿಬಿಟ್ಟೆ. ಇನ್ಮೇಲೆ ಒಂದೆಲೆನೂ ನನ್ನ ಕೈ ತಪ್ಪಿ ಹೋಗಲ್ಲ, ನೀನು ಚಿಂತೆ ಬಿಡು.”

ಪಕ್ಕದ ಮನೆಯಾಕೆ ಹೋದದ್ದೇ ತಡ, “ಆ ದರಿದ್ರದವಳು ನಾನೇ ಅತ್ತೆ,” ಎಂದು ಸೊಸೆ ಶುರುಮಾಡಿ ಉಪ್ಪಿನಿಂದ ಹಿಡಿದು ಕೊಂಬೆಯವರೆಗೆ ಒಂದೂ ಬಿಡದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

“ಹಾಗಾದ್ರೆ ಇಷ್ಟು ದಿನ ನಿನ್ನ ಕೆಲ್ಸ ಕೆಡಿಸ್ತಿದ್ದೋಳು ನಾನೇ ಅನ್ನು,” ಎಂದಷ್ಟೇ ಹೇಳಿ ಅತ್ತೆ ಎದ್ದು ಹೋದರು. ಭಾನುವಾರ ರಾತ್ರಿಯವರೆಗೂ ಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸೋಮವಾರ ಊಟದ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇತ್ತು. ಅಳುಕುತ್ತಲೇ ಮುಚ್ಚಳ ತೆಗೆದಳು. ಧೂಳು, ಜೇಡರ ಬಲೆ, ಒಂದೆಲೆಯ ಮೇಲೆ ಹಕ್ಕಿಯ ಹಿಕ್ಕೆ. ನಡುವೆ ಇರುವೆಯೊಂದು ಗಾಬರಿಯಿಂದ ಓಡಾಡುತ್ತಿತ್ತು. ಬಚ್ಚಲಲ್ಲಿ ಅತ್ತೆ ಮೊಣಕೈವರೆಗೆ ನೊರೆ ಬಳಿದುಕೊಂಡು ಕೈ ತಿಕ್ಕುತ್ತಲೇ ಇದ್ದರು.

“ಒಂದು ಹನಿ ನೀರು ಮುಟ್ಟಿಸಿಲ್ಲ ಕಣೇ,” ಎಂದು ಅಲ್ಲಿಂದಲೇ ಕೂಗಿದರು. “ಬೇಗ ತಗೊಂಡು ಹೋಗು ತಾಯಿ, ನನ್ನ ಮನಸ್ಸು ಬದಲಾಗೋದ್ರೊಳಗೆ!”