ಹುಳುಮನೆಯ ಸ್ಟ್ಯಾಂಡಿಗೆ ಯಾವ ಗ್ಯಾಸು

ಕಳೆದ ಬೆಳೆಯಲ್ಲಿ ನಮ್ಮ ರೇಷ್ಮೆ ಹುಳುಮನೆಯ ಬಿದಿರಿನ ಸ್ಟ್ಯಾಂಡು ಮುರಿಯಿತು. ಮೇಲಿನ ಅಟ್ಟಣೆ ಕೆಳಗಿನದರ ಮೇಲೆ ಕುಸಿದು, ಹಣ್ಣಾಗಿ ಗೂಡು ಕಟ್ಟಲಿದ್ದ ಹುಳುಗಳಲ್ಲಿ ಅರ್ಧದಷ್ಟು ಸತ್ತವು. ಸೊಸೆ ಲತಾಮಣಿ ಅಳಲಿಲ್ಲ. ನೆಲ ಗುಡಿಸಿ ಮುಗಿಸಿ ನನ್ನ ಮುಂದೆ ನಿಂತಳು.

"ಮಾವ, ಕಬ್ಬಿಣದಲ್ಲಿ ಮಾಡ್ಕೊಡಿ. ಇನ್ನೊಂದ್ ಸಲ ಬಿದ್ರೆ ನಾನು ಹುಳ ಸಾಕೋದೇ ಬುಟ್ಬುಡ್ತೀನಿ."

ಅವಳು ಸುಮ್ಮನೆ ಮಾತನಾಡುವವಳಲ್ಲ. ಸೊಸೆಯಾಗಿ ನಮ್ಮ ಹೊಂಗನೂರಿಗೆ ಬಂದ ವರ್ಷದಿಂದ ಹುಳುಮನೆಯನ್ನು ನಡೆಸಿದವಳು ಅವಳೇ. ನಾನು ಒಪ್ಪಿದೆ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಒಂದು ಮಿಗ್ ವೆಲ್ಡಿಂಗ್ ಯಂತ್ರ ಕೊಂಡಿದ್ದೆ. ಕರಗಿದ ಕಬ್ಬಿಣಕ್ಕೆ ಗಾಳಿ ತಗುಲಿದರೆ ಬೆಸುಗೆಯಲ್ಲಿ ತೂತುಗಳು ಏಳುತ್ತವೆ. ಯಂತ್ರದ ಮೂತಿಯಿಂದ ಬರುವ ಗ್ಯಾಸು ಸುತ್ತ ಕವಿದು ಆ ಗಾಳಿಯನ್ನು ತಡೆಯುತ್ತದೆ. ನನ್ನ ಸಿಲಿಂಡರು ಖಾಲಿಯಾಗಿತ್ತು. ಅಷ್ಟರಲ್ಲಿ ಮಗ ನಟರಾಜು ರಾಮನಗರದ ಸ್ನೇಹಿತನಿಂದ ಆರ್ಗಾನ್ ಸಿಲಿಂಡರೊಂದನ್ನು ತಂದಿಳಿಸಿದ.

"ಪ್ಯೂರ್ ಆರ್ಗಾನ್ ಅಪ್ಪ. ಸ್ಟೀಲ್ ಗೇಟ್ ಮಾಡೋರೆಲ್ಲ ಇದ್ನೇ ಹಾಕೋದು."

"ಅವರದು ತುಕ್ಕು ಹಿಡಿಯದ ಸ್ಟೀಲು, ಅವರ ಯಂತ್ರವೂ ಬೇರೆ. ನಮ್ಮ ಕಬ್ಬಿಣದ ಪೈಪಿಗೆ ಬರೀ ಆರ್ಗಾನ್ ಆಗಲ್ಲ ಕಣೋ."

"ಒಳ್ಳೆ ಮಾಲು ಹಾಕಿದ್ರೆ ಕೆಡ್ತದಾ? ನೀವೊಬ್ರು!"

ವಾದಿಸುವುದು ನನ್ನ ಅಭ್ಯಾಸವಲ್ಲ. ಎರಡು ತುಂಡು ಪೈಪು ಕೊಟ್ಟು, ನಿನ್ನ ಆರ್ಗಾನಿನಲ್ಲೇ ಬೆಸೆದಿಡು ಎಂದು ಹೇಳಿ ಚನ್ನಪಟ್ಟಣದ ಬಸ್ಸು ಹತ್ತಿದೆ.

ಗ್ಯಾಸು ಮಾರುವ ಬಾಬಾಜಾನ್ ನನ್ನನ್ನು ನೋಡಿ ನಕ್ಕ. "ಕಾರ್ಬನ್ ಡೈಆಕ್ಸೈಡಾ? ಏನ್ ಮೇಷ್ಟ್ರೇ, ಸೋಡಾ ಅಂಗಡಿ ಇಡ್ತೀರಾ?"

"ಇಟ್ಟರೆ ಮೊದಲ ಸೋಡಾ ನಿನಗೇ. ಮಿಶ್ರಣ ಇದೆಯೇ?"

"ಅದು ಬೆಂಗ್ಳೂರಿಂದ ಬರ್ಬೇಕು. ಆಳುದ್ದದ ಸಿಲಿಂಡರು. ನಿಮ್ ಮನೇಲಿ ಅದ್ಕೊಂದು ಮಂಚ ಹಾಕ್ಬೇಕಾಯ್ತದೆ."

ನಾಲ್ಕು ಪಾಲು ಆರ್ಗಾನಿಗೆ ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ಬೆರೆತರೆ ತೆಳು ಪೈಪಿಗೆ ಬಹಳ ಹಿತ. ಕಿಡಿ ಕಡಿಮೆ, ಬೆಸುಗೆ ನಯ. ಆದರೆ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುವವನಿಗೆ ಅಷ್ಟು ದೊಡ್ಡ ಸಿಲಿಂಡರು ಅನವಶ್ಯಕ. ಬರೀ ಕಾರ್ಬನ್ ಡೈಆಕ್ಸೈಡ್ ಕಿಡಿ ಹಾರಿಸುತ್ತದೆ, ನಿಜ. ಆದರೆ ಆಳಕ್ಕೆ ಕರಗಿಸುತ್ತದೆ. ವೋಲ್ಟೇಜು ತಗ್ಗಿಸಿದರೆ ಪೈಪು ತೂತು ಬೀಳುವುದಿಲ್ಲ. ಅದರ ಚಿಕ್ಕ ಸಿಲಿಂಡರನ್ನೇ ತಂದೆ.

ಬಾಗಿಲಲ್ಲೇ ಲತಾಮಣಿ ತಡೆದಳು. "ಹುಳಿನ್ ಮನೆ ಹತ್ರ ಗ್ಯಾಸಾ ಮಾವ? ಬೀಡಿ ಸೇದ್ದೋರ್ನೇ ನಾನು ಒಳಕ್ ಬುಡಲ್ಲ."

"ಒಳಗೆ ಬೇಡ. ಅಂಗಳದಲ್ಲೇ ಬೆಸೆದು, ಆರಿದ ಮೇಲೆ ಸ್ಟ್ಯಾಂಡನ್ನು ಮಾತ್ರ ಒಳಗಿಡೋಣ."

ಅಂಗಳಕ್ಕೆ ಬೀಸುವ ಗಾಳಿ ಗ್ಯಾಸನ್ನು ಹಾರಿಸದಂತೆ ಟಾರ್ಪಾಲು ಕಟ್ಟಿ, ನನ್ನ ಎರಡು ತುಂಡುಗಳನ್ನು ಬೆಸೆದೆ. ಸುತ್ತ ಕಿಡಿಗಳು ಅಂಟಿ ಒರಟಾಯಿತು. ನಟರಾಜುವಿನದು ಒಂದು ಕಿಡಿಯೂ ಇಲ್ಲದೆ, ಪೈಪಿನ ಮೇಲೆ ಹುರಿ ಇಟ್ಟಂತೆ ಹೊಳೆಯುತ್ತಿತ್ತು.

"ನಂದು ಒಡವೆ ಇದ್ದಂಗೈತೆ. ನಿಮ್ದಕ್ಕೆ ಸಿಡುಬು ಎದ್ದೈತಲ್ಲಪ್ಪ!"

ನಾನು ಲತಾಮಣಿಯ ಕೈಗೆ ಸುತ್ತಿಗೆ ಕೊಟ್ಟೆ. "ಅಟ್ಟಣೆ ನಿನ್ನದು. ನೀನೇ ಹೊಡೆದು ನೋಡು."

ಮೊದಲು ಗಂಡನದನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಹೊಡೆದಳು. ಕೆಲವೇ ಏಟಿಗೆ ಬೆಸುಗೆ ಒಂದು ಬದಿಯಿಂದ ಕಿತ್ತು ಬಂತು. ಅದು ಪೈಪಿನ ಮೇಲೆ ಕುಳಿತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ಬಳಿಕ ನನ್ನದು. ಪೈಪು ಬಾಗಿತು, ಅವಳು ಬಿಡಲಿಲ್ಲ, ಪೈಪು ಚಪ್ಪಟೆಯಾಯಿತು. ಬೆಸುಗೆ ಹಾಗೆಯೇ ಇತ್ತು.

"ರೀ, ನಿಮ್ ಒಡವೆ ಕಳಚ್ಕೊಂತು, ಎತ್ತಿಟ್ಕೊಳಿ," ಎಂದಳು. ನನ್ನ ಕಡೆ ತಿರುಗಿ, "ಸಿಡುಬಿದ್ರೆ ಇರ್ಲಿ ಮಾವ. ಇದ್ರಲ್ಲೇ ಮಾಡಿ."

ನಟರಾಜು ಮುಖ ಸಣ್ಣದು ಮಾಡಿಕೊಂಡನಾದರೂ, ಸ್ಟ್ಯಾಂಡು ಮುಗಿಯುವವರೆಗೆ ಟಾರ್ಪಾಲು ಹಿಡಿದು ನಿಂತವನು ಅವನೇ. ಕಿಡಿಗಳನ್ನು ಉಜ್ಜಿ, ಬಣ್ಣ ಬಳಿದು, ವಾಸನೆ ಪೂರ್ತಿ ಹೋದ ಮೇಲೆ ಒಳಗಿಟ್ಟೆವು. ಮುಂದಿನ ವಾರ, ಮೊಟ್ಟೆಯೊಡೆಸಿ ಮರಿ ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಮರಿಹುಳುಗಳು ಬಂದವು.

ಮೇಲಿನ ಅಟ್ಟಣೆಗೆ ಸೊಪ್ಪು ಹಾಕಲು ಕೆಳಗಿನ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಬೇಕು. ಮೊದಲ ದಿನ ಲತಾಮಣಿ ಕಂಬ ಹಿಡಿದು ಅಲುಗಿಸಿ, ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಹತ್ತಿದಳು. ಮರುದಿನ ಸೊಪ್ಪಿನ ಹೊರೆ ಸೊಂಟಕ್ಕಿಟ್ಟುಕೊಂಡು, ಗಂಡನ ಮೇಲೆ ಏನಕ್ಕೋ ರೇಗುತ್ತ, ಕಾಲಿಟ್ಟ ಕಡೆ ನೋಡದೆ ಹತ್ತಿದಳು.